ಮೂರು ವಾರ ದೊಡ್ಡದಾಗಿದ್ದ ಮರಿ

ಕಾರ್ಕಳದಲ್ಲಿ ಗೂಬೆಯ ಮರಿಗೆ ಮಲ್ಲಿಗೆ ಹಾಕಿಸಿ ಜನರಿಂದ ಕೈ ಮುಗಿಸಿದವನು ನಾನು. ಅರಣ್ಯ ಇಲಾಖೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಗಾರ್ಡ್ ಆಗಿ ದುಡಿದ ನನ್ನನ್ನು ಹಳೆಯ ಸಹೋದ್ಯೋಗಿಗಳು ಈಗಲೂ ಗುರುತಿಸುವುದು ಆ ಒಂದು ಸಂಗತಿಯಿಂದ. ನಡುವೆ ಯಾವಾಗಲೋ ಒಂದು ಬಡ್ತಿಯೂ ಬಂದಿತ್ತು. ಅದು ಯಾರಿಗೂ ನೆನಪಿಲ್ಲ, ನನಗೂ ಆದೇಶದ ಪ್ರತಿ ಎಲ್ಲಿಟ್ಟಿದ್ದೇನೆಂದು ಗೊತ್ತಿಲ್ಲ.

ಈಗ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರಿಗೆ ನಾಲ್ಕು ಮಾತು ಬರೆದುಕೊಡಿ ಎಂದು ಇಲಾಖೆಯವರು ಕೇಳಿದಾಗ ಮೊದಲು ಸಾಹಸಗಳನ್ನು ಹುಡುಕಿದೆ. ಬಾವಿಗೆ ಬಿದ್ದ ಚಿರತೆಯನ್ನು ಮೇಲೆತ್ತುವಾಗ ಹಗ್ಗ ಹಿಡಿದ ಹತ್ತು ಜನರಲ್ಲಿ ನಾನು ಹತ್ತನೆಯವನು, ಹಗ್ಗದ ತುದಿ ನನ್ನನ್ನು ತಲುಪುವ ಹೊತ್ತಿಗೆ ಚಿರತೆ ಬೋನಿನಲ್ಲಿತ್ತು. ಮರಗಳ್ಳರನ್ನು ಬೆನ್ನಟ್ಟಿದ್ದೇನೆ, ಅವರು ಸಿಕ್ಕಿಬಿದ್ದದ್ದು ಬೇರೆ ಗಾರ್ಡಿನ ಕೈಗೆ. ಹೀಗೆ ಒಂದೊಂದಾಗಿ ತೆಗೆದುಹಾಕುತ್ತ ಬಂದರೆ ಉಳಿದದ್ದು ಎರಡು ಮರಿಗಳ ಕಥೆ. ಒಂದು ಗೂಬೆಯದು, ಇನ್ನೊಂದು ಕಡಲ ಹದ್ದಿನದು. ಮೊದಲನೆಯದು ಇಲ್ಲದಿದ್ದರೆ ಎರಡನೆಯದು ನನ್ನ ಪಾಲಿಗೆ ಬರುತ್ತಿರಲಿಲ್ಲ.

ಗೂಬೆಯದ್ದು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಡೆದದ್ದು. ಬಸದಿಯೊಂದರ ಹಿಂದಿನ ಗೋಡೆಯ ಬುಡದಲ್ಲಿ ಬಿಳಿ ತುಪ್ಪಳದ ಮರಿಯೊಂದು ಬಿದ್ದಿತ್ತು. ಸುತ್ತ ಹತ್ತಿಪ್ಪತ್ತು ಜನ. "ಇದು ಎಂತ ಹಕ್ಕಿ ಗಾರ್ಡ್‌ರೇ?" ಎಂದು ಯಾರೋ ಕೇಳಿದರು. ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ಯೂನಿಫಾರ್ಮಿಗೆ ಇಸ್ತ್ರಿ ಹಾಕಿಸಿ ಒಂದು ವಾರವೂ ಆಗಿರಲಿಲ್ಲ. ಮರಿಯ ಕೊಕ್ಕು ಬಾಗಿದೆ ಎಂಬ ಒಂದೇ ಆಧಾರದ ಮೇಲೆ "ಗರುಡ" ಎಂದೆ.

ಕಚೇರಿಗೆ ತಂದು ರಟ್ಟಿನ ಪೆಟ್ಟಿಗೆಯಲ್ಲಿಟ್ಟೆ. ಮೂರನೆಯ ದಿನದಿಂದ ಜನ ಬರತೊಡಗಿದರು. ಮಲ್ಲಿಗೆ ತಂದರು, ಹಾಲು ತಂದರು. ಹಾಲನ್ನು ನಾನು ಕುಡಿದೆ, ಮರಿಗೆ ಇಲಿ ಹಾಕಿದೆ. ಎರಡು ವಾರ ಕಳೆದಾಗ ಅದರ ಮುಖ ಚಪ್ಪಟೆಯಾಗಿ, ವೀಳ್ಯದೆಲೆಯ ಆಕಾರ ತಳೆದು, ಕಣ್ಣೆರಡೂ ಮುಂದಕ್ಕೆ ಬಂದವು. ಒಂದು ಸಂಜೆ ಕೈ ಮುಗಿದು ನಿಂತಿದ್ದ ಹೆಂಗಸೊಬ್ಬರ ಮುಂದೆ ಅದು ಕರ್ಕಶವಾಗಿ ಕಿರುಚಿತು. ಅವರು ಮನೆಗೆ ಹೋಗಿ ತಲೆಗೆ ಸ್ನಾನ ಮಾಡಿದರೆಂದು ಮರುದಿನ ತಿಳಿಯಿತು.

ಆಗಿನ ರೇಂಜರ್ ಒಳ್ಳೆಯವರು. ಮೇಲಿನಿಂದ ವಿವರಣೆ ಕೇಳಿದಾಗ ನನ್ನನ್ನು ಉಳಿಸಲು ಕಡತದಲ್ಲಿ ಒಂದು ಸಾಲು ಬರೆದರು: "ಸದರಿ ಶೀನ ಇವರಿಗೆ ಹಿಂಸ್ರಪಕ್ಷಿಗಳ ಮರಿಗಳನ್ನು ಪಾಲಿಸಿದ ಅನುಭವವಿರುತ್ತದೆ." ಕಡತದಲ್ಲಿ ಬರೆದದ್ದು ಸಾಯುವುದಿಲ್ಲ. ಕೂದಲು ಬೆಳ್ಳಗಾಗಿ, ನಿವೃತ್ತಿಗೆ ಒಂದು ವರ್ಷವೂ ಇಲ್ಲದಿರುವಾಗ, ಆ ಸಾಲು ಎದ್ದು ಕುಳಿತಿತು.

ಮಣಿಪಾಲದಲ್ಲಿ ನೆಲೆಸಿದ್ದ ಜೀವವಿಜ್ಞಾನಿ ಡಾ. ಅನುಪಮಾ ಎಂಬವರು ಕರಾವಳಿಯ ಕಡಲ ಹದ್ದುಗಳ ಮೇಲೆ ಅಧ್ಯಯನ ಮಾಡಲು ಅನುಮತಿ ಪಡೆದಿದ್ದರು. ಬಿಳಿ ಹೊಟ್ಟೆ, ಬೂದು ರೆಕ್ಕೆ, ಮೀನನ್ನೂ ಕಡಲ ಹಾವನ್ನೂ ಎತ್ತಿಕೊಂಡು ಹೋಗುವ ದೊಡ್ಡ ಹದ್ದು ಅದು. ಗೂಡಿನಲ್ಲಿರುವ ಮರಿಯ ಕಾಲಿಗೆ ಉಂಗುರ ತೊಡಿಸುವುದು ಅವರ ಕೆಲಸ. ಒಂದು ಕಾಲಿಗೆ ನಂಬರಿರುವ ಲೋಹದ ಉಂಗುರ, ಇನ್ನೊಂದಕ್ಕೆ ದೂರದಿಂದ ಓದಬಹುದಾದ ಅಕ್ಷರಗಳ ಬಣ್ಣದ ಉಂಗುರ. ಮುಂದೆ ಆ ಹಕ್ಕಿ ಎಲ್ಲಿ ಕಂಡರೂ ಯಾವ ಗೂಡಿನದೆಂದು ಹೇಳಬಹುದು. ಇಲಾಖೆಯ ಕಡೆಯಿಂದ ಒಬ್ಬರು ಜೊತೆಗಿರಬೇಕಿತ್ತು. ಉಡುಪಿಯ ಕಚೇರಿಯಲ್ಲಿ ಹೊಸ ರೇಂಜರ್ ನನ್ನನ್ನು ಕರೆದರು.

"ಶೀನಣ್ಣ, ನಿಮಗೆ ಹಕ್ಕಿ ಗೊತ್ತುಂಟು ಅಂತ ಫೈಲಿನಲ್ಲಿ ಉಂಟು."

ಆಗಲಾದರೂ ಗೊತ್ತಿಲ್ಲ ಎನ್ನಬಹುದಿತ್ತು. "ಸ್ವಲ್ಪ ಉಂಟು ಸಾರ್" ಎಂದೆ.

ಗೂಡಿದ್ದದ್ದು ಕಾಪುವಿನಲ್ಲಿ, ದೀಪಸ್ತಂಭದಿಂದ ಉತ್ತರಕ್ಕೆ, ಕಡಲಿಗೆ ಮುಖ ಮಾಡಿದ ಹಳೆಯ ಗಾಳಿಮರದ ತುದಿಯಲ್ಲಿ. ಮರ ಗಿರಿಜಕ್ಕನ ಜಾಗದಲ್ಲಿತ್ತು. ಗಿರಿಜಕ್ಕ ಮೀನು ಮಾರುವವರು, ಬೆಳಿಗ್ಗೆ ಬುಟ್ಟಿ ಹೊತ್ತು ಹೋದರೆ ಹತ್ತೂವರೆಗೆ ವಾಪಸು. ಹದ್ದು ತಿಂದು ಬಿಸಾಡಿದ ಮುಳ್ಳು, ಹಾವಿನ ತುಂಡು ಅವರ ಅಂಗಳಕ್ಕೇ ಬೀಳುತ್ತಿತ್ತು. ಅದಕ್ಕೆ ಅವರ ತಕರಾರಿರಲಿಲ್ಲ. ತಕರಾರಿದ್ದದ್ದು ನನ್ನ ಬಗ್ಗೆ. ಮೊದಲ ದಿನವೇ ದುರ್ಬೀನು ಹಿಡಿದು ನಿಂತ ನನಗೆ ಅವರು ತುಳುವಿನಲ್ಲಿ ಹೇಳಿದ ಮಾತನ್ನು ಕನ್ನಡದಲ್ಲಿ ಬರೆಯುವುದಾದರೆ ಹೀಗೆ: "ನೀವು ನೋಡುದು ಆಚೆ ಮರ ಮಾರಾಯ್ರೇ. ಅದರಲ್ಲಿ ಇರುದು ಕಾಗೆ."

ಅನುಪಮಾ ಅವರ ಕೈಯಲ್ಲಿ ಇನ್ನೂ ಐದು ಗೂಡುಗಳಿದ್ದವು, ಎಲ್ಲವೂ ದೂರದೂರ. ಕಾಪುವಿನದನ್ನು ನನ್ನ ಪಾಲಿಗೆ ಬಿಟ್ಟರು. ಕೆಲಸ ಬಹಳ ಸುಲಭ. ವಾರಕ್ಕೆ ಮೂರು ಸಲ ಹೋಗಿ ಎರಡು ಗಂಟೆ ಕುಳಿತು, ಕಂಡದ್ದನ್ನು ಬರೆಯಬೇಕು. ಮುಖ್ಯವಾಗಿ ಮೊಟ್ಟೆ ಒಡೆದ ದಿನ.

"ಆ ದಿನ ಯಾಕೆ ಅಷ್ಟು ಮುಖ್ಯ ಮೇಡಂ?" ಎಂದು ಕೇಳಿದ್ದೆ.

"ಉಂಗುರ ಹಾಕುವುದು ಆರನೇ ವಾರದಲ್ಲಿ. ಅದಕ್ಕಿಂತ ಮೊದಲು ಹೋದರೆ ಕಾಲು ಬೆಳೆದಿರುವುದಿಲ್ಲ. ತಡವಾಗಿ ಹೋದರೆ ಮರಿ ಹೆದರಿ ಗೂಡಿನಿಂದ ಹಾರಿಬಿಡುತ್ತದೆ. ರೆಕ್ಕೆ ಇನ್ನೂ ಬಲಿತಿರುವುದಿಲ್ಲ, ಬಿದ್ದು ಸಾಯಬಹುದು."

ತಲೆಯಾಡಿಸಿದೆ. ಅರ್ಥವಾಗಿತ್ತು. ಅರ್ಥವಾಗದೆ ಮಾಡಿದೆ ಎಂದು ಹೇಳಿಕೊಳ್ಳಲು ನನಗೆ ದಾರಿಯಿಲ್ಲ.

ಇಲ್ಲಿ ನಮ್ಮ ಕಾಲದ ಒಂದು ವಿದ್ಯೆಯ ಬಗ್ಗೆ ಹೇಳಬೇಕು. ಅದಕ್ಕೆ ಜಗಲಿ ಡೈರಿ ಎಂದು ಹೆಸರು. ಗಾರ್ಡ್ ಆದವನು ಪ್ರತಿದಿನ ಎಲ್ಲಿ ಗಸ್ತು ಹೋದ, ಏನು ಕಂಡ ಎಂದು ಡೈರಿ ಬರೆಯಬೇಕು. ಹಿರಿಯಡ್ಕದ ಕಡೆ ನನಗೆ ಕೆಲಸ ಕಲಿಸಿದ ಹಿರಿಯ ಗಾರ್ಡ್ ಒಬ್ಬರು ಮನೆಯ ಜಗಲಿಯಲ್ಲಿ ಕಾಲು ಚಾಚಿ ಕುಳಿತು ಒಂದು ವಾರದ ಗಸ್ತನ್ನು ಅರ್ಧ ಗಂಟೆಯಲ್ಲಿ ಮುಗಿಸುತ್ತಿದ್ದರು. "ಕಾಡು ಎಲ್ಲಿಗೂ ಓಡಿ ಹೋಗುದಿಲ್ಲ ಶೀನ. ಡೈರಿ ಮಾತ್ರ ಖಾಲಿ ಇರಬಾರದು" ಎನ್ನುತ್ತಿದ್ದರು. ಅವರ ಅಕ್ಷರ ಮುತ್ತಿನಂತಿತ್ತು. ನಾನು ಅವರ ಉತ್ತಮ ಶಿಷ್ಯ. ಈಗ ಮೊಬೈಲಿನ ಆ್ಯಪ್ ನೀವು ನಿಂತ ಜಾಗವನ್ನೂ ಸಮಯವನ್ನೂ ತಾನೇ ಬರೆದುಕೊಳ್ಳುತ್ತದೆ. ನಿಮಗೆ ಜಗಲಿಯ ಸೌಕರ್ಯ ಇಲ್ಲ. ಸಂತೋಷ.

ಮೊದಲ ಮೂರು ವಾರ ಪ್ರಾಮಾಣಿಕವಾಗಿ ಹೋದೆ. ಮೊಟ್ಟೆಗೆ ಕಾವು ಕೊಡುವ ಹದ್ದಿನಷ್ಟು ಬೇಸರದ ಪ್ರಾಣಿ ಇನ್ನೊಂದಿಲ್ಲ. ಅದು ಕುಳಿತಿರುತ್ತದೆ. ನೀವೂ ಕುಳಿತಿರುತ್ತೀರಿ. ಕಟ್ಟಿಗೆ ಕಡ್ಡಿಗಳ ದೊಡ್ಡ ರಾಶಿಯ ಅಂಚಿನಲ್ಲಿ ಬಿಳಿ ತಲೆ ಮಾತ್ರ ಕಾಣುತ್ತದೆ. ಎರಡು ಗಂಟೆಯಲ್ಲಿ ಒಂದು ಸಲ ತಲೆ ತಿರುಗಿಸಿದರೆ ಅದೇ ದೊಡ್ಡ ಸುದ್ದಿ.

ನಾಲ್ಕನೆಯ ವಾರ ಉಡುಪಿಯಿಂದ ಬಸ್ಸು ಹತ್ತಿದವನು ಕಟಪಾಡಿಯಲ್ಲಿ ಇಳಿದೆ. ಜಂಕ್ಷನ್ನಿನ ಹೋಟೆಲಿನಲ್ಲಿ ಗೋಳಿಬಜೆ ಆಗಷ್ಟೇ ಬಾಣಲೆಯಿಂದ ಏಳುತ್ತಿತ್ತು. ಎರಡನೆಯ ಚಹಾ ಮುಗಿಯುವಾಗ, ಕಾಪುವಿಗೆ ಹೋದರೂ ಹದ್ದು ಕುಳಿತೇ ಇರುತ್ತದೆ ಎಂಬ ಸತ್ಯ ಹೊಳೆಯಿತು. ಡೈರಿ ತೆಗೆದು ಬರೆದೆ: "ಹೆಣ್ಣು ಹಕ್ಕಿ ಗೂಡಿನಲ್ಲಿ ಕುಳಿತಿದೆ. ವಿಶೇಷವಿಲ್ಲ." ಹಾಗೆ ಮೂರು ವಾರ ಕಟಪಾಡಿಯಿಂದಲೇ ಕಾಪುವಿನ ಹದ್ದನ್ನು ನೋಡಿದೆ. ಅನುಪಮಾ ಫೋನು ಮಾಡಿ ಫೋಟೋ ಕಳಿಸಿ ಎಂದರೆ, ದುರ್ಬೀನಿಗೆ ಮೊಬೈಲು ಹಿಡಿಯಲು ನನಗೆ ಬರುವುದಿಲ್ಲ ಮೇಡಂ ಎನ್ನುತ್ತಿದ್ದೆ. ಅದು ಮಾತ್ರ ನಿಜ.

ಮತ್ತೆ ಕಾಪುವಿಗೆ ಹೋದ ದಿನ ಗೂಡಿನಲ್ಲಿ ಬೂದು ತಲೆಯೊಂದು ಎದ್ದು ಕಾಣಿಸಿತು. ಗಂಡು ಹದ್ದು ಮೀನು ತಂದು ಹಾಕಿತು, ಆ ತಲೆ ಅದನ್ನು ಕಿತ್ತು ತಿಂದಿತು. ಮೊಟ್ಟೆ ಒಡೆದ ದಿನ ನನ್ನ ಕೈ ತಪ್ಪಿಹೋಗಿತ್ತು. ಕೂಡಲೇ ಅನುಪಮಾ ಅವರಿಗೆ ಫೋನು ಮಾಡಿದೆ.

"ಮರಿ ಬಂತು ಮೇಡಂ."

"ಹೌದಾ? ಇವತ್ತಾ?"

"ಇವತ್ತೇ."

"ಎಷ್ಟು ದೊಡ್ಡದುಂಟು?"

"ಸಣ್ಣದು ಮೇಡಂ. ಕೋಳಿಮರಿ ಹಾಗೆ."

ಗಿರಿಜಕ್ಕ ಅಂಗಳದಲ್ಲಿ ಮೀನು ಒಣಗಿಸುತ್ತ ಕೇಳಿಸಿಕೊಳ್ಳುತ್ತಿದ್ದರು. ಫೋನು ಇಟ್ಟ ಮೇಲೆ "ಕೋಳಿಮರಿ ಮೀನು ಹರಿದು ತಿಂತದಾ?" ಎಂದು ಕೇಳಿದರು. ನಾನು ಗಾಳಿಮರದ ಎತ್ತರವನ್ನು ಅಂದಾಜು ಮಾಡುವವನಂತೆ ಮೇಲೆ ನೋಡಿದೆ.

ಮುಂದಿನ ಆರು ವಾರ ತಪ್ಪದೆ ಹೋದೆ. ಮರಿಯ ತಲೆ ಬೂದು ಬಣ್ಣದಿಂದ ಕಂದಾಯಿತು. ಡೈರಿಯಲ್ಲಿ "ಬೆಳವಣಿಗೆ ಉತ್ತಮ" ಎಂದು ಬರೆಯುತ್ತ ಹೋದೆ. ಒಂದು ಸುಳ್ಳನ್ನು ಸರಿಪಡಿಸಲು ಆರು ವಾರ ಸಿಕ್ಕಿದ್ದವು. ದಿನವೂ ನಾಳೆ ಹೇಳುತ್ತೇನೆ ಎಂದುಕೊಂಡೆ.

ಉಂಗುರ ಹಾಕುವ ದಿನ ಬೆಳಿಗ್ಗೆ ಅನುಪಮಾ ಲ್ಯಾನ್ಸಿಯನ್ನು ಕರೆದುಕೊಂಡು ಬಂದರು. ಲ್ಯಾನ್ಸಿ ಮೊದಲು ತೆಂಗಿನಮರ ಹತ್ತುತ್ತಿದ್ದವನು, ಈಗ ಹಗ್ಗ, ಕೊಕ್ಕೆ, ಹೆಲ್ಮೆಟ್ಟುಗಳ ಸಮೇತ ವಿಜ್ಞಾನಿಗಳಿಗಾಗಿ ಹತ್ತುತ್ತಿದ್ದ. ನಲವತ್ತು ದಾಟಿದ ಗಟ್ಟಿಗ, ಮಾತು ಕಡಿಮೆ. ಅವನು ಕವಣೆಯಲ್ಲಿ ದಾರ ಹಾರಿಸಿ ಕೊಂಬೆಗೆ ಹಗ್ಗ ಏರಿಸಿದ. ನಮ್ಮ ಕಾಲದಲ್ಲಿ ಏಣಿ ಕಟ್ಟಿ, ದೇವರ ಹೆಸರು ಹೇಳಿ ಹತ್ತುತ್ತಿದ್ದೆವು. ಬಾಯಿ ತೆರೆದುಕೊಂಡು ನೋಡಿದೆ.

ಲ್ಯಾನ್ಸಿ ಮರದ ಅರ್ಧಕ್ಕೆ ಏರಿದ್ದ. ಅನುಪಮಾ ದುರ್ಬೀನಿನಲ್ಲಿ ನೋಡುತ್ತಿದ್ದವರು ಹಾಗೆಯೇ ನಿಂತರು.

"ಶೀನಣ್ಣ, ಇದು ಆರು ವಾರದ ಮರಿಯ ಹಾಗೆ ಕಾಣುವುದಿಲ್ಲ. ತಲೆಯಲ್ಲಿ ತುಪ್ಪಳವೇ ಇಲ್ಲ. ದಿನಾಂಕ ಸರಿ ಉಂಟಲ್ವಾ?"

ಅವರು ನನ್ನ ಮುಖ ನೋಡುತ್ತಿದ್ದರು. ಮೇಲೆ ಲ್ಯಾನ್ಸಿ ನಿಂತು ಕಾಯುತ್ತಿದ್ದ. ಒಂದು ಮಾತು ಹೇಳಿದರೆ ಅವನು ಇಳಿದು ಬರುತ್ತಿದ್ದ, ಗೂಡು ಶಾಂತವಾಗಿರುತ್ತಿತ್ತು. ನನಗೆ ಅವಮಾನವಾಗುತ್ತಿತ್ತು, ಅಷ್ಟೆ.

"ಡೈರಿಯಲ್ಲಿ ಉಂಟಲ್ಲ ಮೇಡಂ" ಎಂದೆ.

ಅವರು ಒಂದು ಕ್ಷಣ ಯೋಚಿಸಿದರು. ಆಮೇಲೆ ಲ್ಯಾನ್ಸಿಗೆ ಕೈ ಮಾಡಿದರು. ಅವರು ನನ್ನನ್ನು ನಂಬಿದ ಆ ಒಂದು ಕ್ಷಣ ನನಗೆ ಈಗಲೂ ನುಂಗಲಾರದ ತುತ್ತು.

ಲ್ಯಾನ್ಸಿಯ ಹೆಲ್ಮೆಟ್ಟು ಗೂಡಿನ ಅಂಚಿಗೆ ಬಂದದ್ದೇ ತಡ, ಮರಿ ಎದ್ದು ನಿಂತಿತು. ಕೋಳಿಮರಿಯಲ್ಲ, ಕೋಳಿಯೂ ಅಲ್ಲ. ಕಂದು ಗರಿಗಳ ದೊಡ್ಡ ಹಕ್ಕಿ. ರೆಕ್ಕೆ ಬಿಚ್ಚಿದಾಗ ಗೂಡೇ ಮುಚ್ಚಿಹೋಯಿತು. "ಬೇಡ, ಹಿಂದೆ ಬಾ ಲ್ಯಾನ್ಸಿ" ಎಂದು ಅನುಪಮಾ ಕೂಗುವಷ್ಟರಲ್ಲಿ ಅದು ಹಾರಿಯಾಗಿತ್ತು. ಹಾರಿತು ಎನ್ನಬಾರದು. ಗಾಳಿಗೆ ಸಿಕ್ಕಿದ ಕೊಡೆಯಂತೆ ಓರೆಯಾಗಿ ಇಳಿದು, ತೆಂಗಿನ ಗರಿಗಳಿಗೆ ಬಡಿದು, ಗಿರಿಜಕ್ಕನ ಅಂಗಳದಲ್ಲಿ ಒಣಗಲು ಹಾಕಿದ್ದ ಬಲೆಯ ರಾಶಿಯ ಪಕ್ಕ ದೊಪ್ಪನೆ ಬಿತ್ತು.

ಓಡಿದವರಲ್ಲಿ ನಾನೇ ಮೊದಲು. ಜೀವನದಲ್ಲಿ ಅದೊಂದೇ ಸಲ ನಾನು ಮೊದಲು ತಲುಪಿದ್ದು. "ಮುಟ್ಟಬೇಡಿ" ಎಂದು ಹಿಂದಿನಿಂದ ಕೇಳಿಸಿತು, ಆದರೆ ಪಾಪಪ್ರಜ್ಞೆಗೆ ಕಿವಿ ಇರುವುದಿಲ್ಲ. ಎರಡೂ ಕೈ ಚಾಚಿದೆ. ಮರಿ ಮಗುಚಿ ಅಂಗಾತ ಮಲಗಿ, ಎರಡೂ ಕಾಲು ಮೇಲೆತ್ತಿ ನನ್ನ ಬಲಗೈಯನ್ನು ಹಿಡಿಯಿತು. ಹಕ್ಕಿಯನ್ನು ನಾನು ಹಿಡಿದೆ ಎಂದು ಆಮೇಲೆ ವರದಿಯಲ್ಲಿ ಬಂತು. ನಡೆದದ್ದು ಅದರ ತಿರುಗುಮುರುಗು. ಒಂದು ಉಗುರು ಹೆಬ್ಬೆರಳಿನ ಬುಡದಲ್ಲಿ ಹೊಕ್ಕು ಅಲ್ಲೇ ನಿಂತಿತು. ನಾನು ಮೊಣಕಾಲೂರಿ ಕುಳಿತು, ಒಂದು ಪಕ್ಷಿಯ ಮುಂದೆ ಬೇಡಿಕೊಳ್ಳುವವನ ಭಂಗಿಯಲ್ಲಿದ್ದೆ.

ಗಿರಿಜಕ್ಕ ಅವಸರವಿಲ್ಲದೆ ಬಂದು, ಒದ್ದೆ ಗೋಣಿಯೊಂದನ್ನು ಹಕ್ಕಿಯ ತಲೆಯ ಮೇಲೆ ಹಾಕಿದರು. ಕತ್ತಲಾದದ್ದೇ ಅದು ಶಾಂತವಾಯಿತು. ಅನುಪಮಾ ಉಗುರುಗಳನ್ನು ಒಂದೊಂದಾಗಿ ಬಿಡಿಸಿದರು. ಮರಿಯ ತಲೆಗೆ ಕಣ್ಣು ಮುಚ್ಚುವ ಚರ್ಮದ ಪುಟ್ಟ ಟೊಪ್ಪಿ ತೊಡಿಸಿ, ರೆಕ್ಕೆಗಳನ್ನು ತಡವಿ ಮೂಳೆ ಮುರಿದಿದೆಯೋ ನೋಡಿದರು. ಒಂದು ರೆಕ್ಕೆಯ ಮೇಲೆ ತರಚಿತ್ತು. ಮುರಿದಿರಲಿಲ್ಲ. ಆಮೇಲೆ ಸ್ಕೇಲು ಹಿಡಿದು ರೆಕ್ಕೆಯ ದೊಡ್ಡ ಗರಿಯನ್ನು ಅಳೆದರು. ಇನ್ನೊಂದು ಸಲ ಅಳೆದರು.

"ಅರವತ್ತು ದಿನ ದಾಟಿದೆ" ಎಂದರು, ಯಾರಿಗೂ ಅಲ್ಲದಂತೆ.

ಲ್ಯಾನ್ಸಿ ನೆಲಕ್ಕಿಳಿದು ಹಗ್ಗ ಸುತ್ತುತ್ತಿದ್ದವನು ನಿಲ್ಲಿಸಿದ. ನನ್ನ ಕೈಯಿಂದ ರಕ್ತ ಮರಳಿಗೆ ಬೀಳುತ್ತಿತ್ತು.

"ನಾನು ಮೂರು ವಾರ ಬರಲಿಲ್ಲ ಮೇಡಂ" ಎಂದೆ. "ಕಟಪಾಡಿಯಲ್ಲಿ ಕೂತು ಬರೆದದ್ದು. ಮರಿ ಯಾವಾಗ ಬಂತು ನನಗೆ ಗೊತ್ತಿಲ್ಲ."

ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವರು ಉಂಗುರದ ಪೆಟ್ಟಿಗೆ ತೆರೆದು, ಇಕ್ಕುಳ ತೆಗೆದು, "ಕಾಲು ಹಿಡಿಯಿರಿ. ಗಟ್ಟಿ ಅಲ್ಲ, ಅಲುಗಾಡದ ಹಾಗೆ" ಎಂದರು. ಎಡಗೈಯಲ್ಲಿ ಹಿಡಿದೆ. ಹಳದಿ ಕಾಲು ಬೆಚ್ಚಗಿತ್ತು. ಉಂಗುರದ ಬಾಯಿ ಕೂಡಿಕೊಳ್ಳುವಾಗ ಒಂದು ಸಣ್ಣ ಸದ್ದಾಯಿತು. ಆ ಹಕ್ಕಿಯ ಎದೆಬಡಿತ ಎಷ್ಟು ಜೋರಾಗಿತ್ತೆಂದರೆ ನನ್ನ ಮೊಣಕೈವರೆಗೆ ಬರುತ್ತಿತ್ತು.

ಲ್ಯಾನ್ಸಿ ಮರಿಯನ್ನು ಚೀಲದಲ್ಲಿ ಮೇಲೆ ಒಯ್ದು ಗೂಡಿನಲ್ಲಿಟ್ಟು, ಟೊಪ್ಪಿ ತೆಗೆದು, ಶಬ್ದವಿಲ್ಲದೆ ಇಳಿದು ಬಂದ. ಮರಿ ಗೂಡಿನಲ್ಲಿ ನಿಂತಿತು. ತಾಯಿ ತಂದೆ ಹದ್ದುಗಳೆರಡೂ ಕಡಲಿನ ಮೇಲೆ ಸುತ್ತುತ್ತಿದ್ದವು, ಗೂಡಿಗೆ ಬರಲಿಲ್ಲ.

"ಬರುತ್ತವಾ?" ಎಂದೆ.

"ಗೊತ್ತಿಲ್ಲ" ಎಂದರು ಅನುಪಮಾ. ಇಷ್ಟು ಓದಿದವರು ಅದನ್ನು ಎಷ್ಟು ಸಲೀಸಾಗಿ ಹೇಳಿದರು ಎಂದು ನನಗೆ ಆಶ್ಚರ್ಯವಾಯಿತು. ಜೀಪು ಹತ್ತುವ ಮೊದಲು ಒಂದೇ ಮಾತು ಸೇರಿಸಿದರು: "ಯಾರಾದರೂ ಇಲ್ಲಿ ಕೂತು ನೋಡಬೇಕು ಶೀನಣ್ಣ. ನಿಜವಾಗಿ."

ಕೈಗೆ ಹೊಲಿಗೆ ಹಾಕಿಸಿಕೊಂಡು ರೇಂಜರ್ ಬಳಿ ಹೋಗಿ ನಡೆದದ್ದನ್ನು ಹೇಳಿದೆ. ಅವರು ಕೋಣೆಯ ಬಾಗಿಲು ಮುಚ್ಚಿದರು.

"ಇದನ್ನೆಲ್ಲ ಬರವಣಿಗೆಯಲ್ಲಿ ಕೊಡ್ಲಿಕ್ಕೆ ಹೋಗಬೇಡಿ. ರಿಟೈರ್‌ಮೆಂಟಿಗೆ ನಾಲ್ಕು ತಿಂಗಳು ಉಂಟು ನಿಮಗೆ. ಎಂತಕ್ಕೆ ಸುಮ್ಮನೆ?"

ಬರೆದುಕೊಟ್ಟೆ. ಧೈರ್ಯದಿಂದಲ್ಲ. ಮರಿ ಸತ್ತರೆ ಆ ತಪ್ಪು ಅನುಪಮಾ ಅವರ ಹೆಸರಿಗೆ ಹೋಗುತ್ತದೆ, ಉಳಿದ ಐದು ಗೂಡುಗಳ ಅನುಮತಿಯೂ ಹೋಗಬಹುದು ಎಂಬ ಭಯ ಅದಕ್ಕಿಂತ ದೊಡ್ಡದಾಗಿತ್ತು. ಹೀಗೆ ವೃತ್ತಿಜೀವನದ ಕೊನೆಯಲ್ಲಿ ನನಗೆ ಮೊದಲ ಮೆಮೋ ಸಿಕ್ಕಿತು. ಅದರ ಪ್ರತಿ ಎಲ್ಲಿದೆಯೆಂದು ನನಗೆ ಚೆನ್ನಾಗಿ ಗೊತ್ತು.

ಮರುದಿನ ಬೆಳಕು ಹರಿಯುವಾಗಲೇ ಗಿರಿಜಕ್ಕನ ಅಂಗಳದಲ್ಲಿದ್ದೆ. ಸಂಜೆಯವರೆಗೆ ಹದ್ದುಗಳು ಗೂಡಿಗೆ ಬರಲಿಲ್ಲ. ಎರಡನೆಯ ದಿನವೂ ಇಲ್ಲ. ಮರಿ ಗೂಡಿನ ಅಂಚಿನಲ್ಲಿ ಕುಳಿತು ಕೂಗುತ್ತಿತ್ತು, ಕಡಲಿನ ಸದ್ದಿನ ನಡುವೆಯೂ ಅದು ಕೇಳಿಸುತ್ತಿತ್ತು. ಗಿರಿಜಕ್ಕ ಹತ್ತೂವರೆಗೆ ಬಂದು ಬುಟ್ಟಿ ಇಳಿಸಿ, ಮೇಲೆ ನೋಡಿ, ಒಳಗೆ ಹೋದರು. ಮಧ್ಯಾಹ್ನ ನನಗೆ ಗಂಜಿ ಮತ್ತು ಒಣಮೀನಿನ ಚಟ್ನಿ ತಂದಿಟ್ಟರು. ನಾನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ.

"ಊಟ ಬಿಟ್ರೆ ಅದಕ್ಕೆ ಹೊಟ್ಟೆ ತುಂಬುದಿಲ್ಲ" ಎಂದರು ಅವರು. "ನೀವು ಉಣ್ಣಿ."

ಮೂರನೆಯ ದಿನ ಬೆಳಿಗ್ಗೆ ಎಂಟರ ಸುಮಾರಿಗೆ ಹೆಣ್ಣು ಹದ್ದು ಕಡಲಿನ ಕಡೆಯಿಂದ ಕೆಳಮಟ್ಟದಲ್ಲಿ ಬಂತು. ಉಗುರಿನಲ್ಲಿ ಕಡಲ ಹಾವು ಜೋತಾಡುತ್ತಿತ್ತು. ಮರವನ್ನು ಒಂದು ಸುತ್ತು ಹಾಕಿ, ಎರಡನೆಯ ಸುತ್ತು ಹಾಕಿ, ಗೂಡಿನಲ್ಲಿ ಇಳಿಯಿತು. ಅನುಪಮಾ ಅವರಿಗೆ ಫೋನು ಮಾಡಿದೆ. ಮಾತು ಹೊರಡಲಿಲ್ಲ. "ಶೀನಣ್ಣ? ಶೀನಣ್ಣ, ಎಂತಾಯ್ತು?" ಎಂದು ಅವರು ಆ ಕಡೆಯಿಂದ ಕೇಳುತ್ತಲೇ ಇದ್ದರು. ಗಿರಿಜಕ್ಕ ಅವತ್ತು ಮಾರಾಟಕ್ಕೆ ಹೋಗಿರಲಿಲ್ಲ. ಫೋನು ಕಸಿದುಕೊಂಡು, "ತಾಯಿ ಬಂತು. ಇವರು ಕೂಗ್ತಾ ಇದ್ದಾರೆ" ಎಂದು ಹೇಳಿ ಇಟ್ಟುಬಿಟ್ಟರು. ನಮ್ಮ ಕಡೆ ಕೂಗುವುದೆಂದರೆ ಅಳುವುದು. ನಾನು ಅಳುತ್ತಿರಲಿಲ್ಲ ಎಂದು ಬರೆಯಲು ಕೈ ಹೋಗುತ್ತದೆ, ಹಳೆಯ ಅಭ್ಯಾಸ.

ಇನ್ನು ಉಳಿದದ್ದು ಮರಿ ತಾನಾಗಿ ಹಾರುವ ದಿನ. ಬೆಳಿಗ್ಗೆಯಿಂದ ಸಂಜೆಯವರೆಗೆ ಅಲ್ಲೇ ಕುಳಿತೆ. ಮರಿ ಗೂಡಿನಲ್ಲಿ ನಿಂತು ರೆಕ್ಕೆ ಬಡಿಯುತ್ತಿತ್ತು, ಒಂದೆರಡು ಅಡಿ ಮೇಲೇಳುತ್ತಿತ್ತು, ಮತ್ತೆ ಇಳಿಯುತ್ತಿತ್ತು. ಪಕ್ಕದ ಕೊಂಬೆಗೆ ದಾಟಿ ವಾಪಸು ಬರುತ್ತಿತ್ತು. ಪ್ರತಿಯೊಂದನ್ನೂ ಬರೆದೆ. ಆ ಡೈರಿಯಲ್ಲಿ ಗಂಟೆ ನಿಮಿಷಗಳಿವೆ, ಗಾಳಿಯ ದಿಕ್ಕಿದೆ, ತಂದ ಮೀನು ಯಾವುದೆಂದು ಗಿರಿಜಕ್ಕನನ್ನು ಕೇಳಿ ಬರೆದ ಹೆಸರುಗಳಿವೆ. ಮೂವತ್ತು ವರ್ಷದಲ್ಲಿ ಬರೆಯದಿದ್ದಷ್ಟನ್ನು ಎರಡು ವಾರದಲ್ಲಿ ಬರೆದೆ.

ಉಂಗುರ ಹಾಕಿದ ಹದಿನಾರನೆಯ ದಿನ, ಬೆಳಿಗ್ಗೆ ಹನ್ನೊಂದು ಗಂಟೆ. ಹಿಂದಿನ ದಿನ ಮಧ್ಯಾಹ್ನ ಉಂಡ ಮರುವಾಯಿ ಚಿಪ್ಪುಮೀನಿನ ಸುಕ್ಕ ನನ್ನ ಹೊಟ್ಟೆಯಲ್ಲಿ ತಕರಾರು ತೆಗೆದಿತ್ತು. ಬಹಳ ಹೊತ್ತು ತಡೆದೆ. ಕೊನೆಗೆ ತಡೆಯಲಾರದೆ ಗಿರಿಜಕ್ಕನ ಮನೆಯ ಹಿಂದಿನ ಪಾಯಿಖಾನೆಗೆ ಓಡಿದೆ. ಐದು ನಿಮಿಷ ಇರಬಹುದು. ಹೊರಗೆ ಬಂದರೆ ಗಿರಿಜಕ್ಕ ಕೈಯಲ್ಲಿ ಕತ್ತಿ ಹಿಡಿದು, ಅರ್ಧ ಕೊಯ್ದ ಮೀನನ್ನು ಹಲಗೆಯ ಮೇಲೆ ಬಿಟ್ಟು, ಕಡಲಿನ ಕಡೆ ನೋಡುತ್ತ ನಿಂತಿದ್ದರು. ಗೂಡು ಖಾಲಿಯಾಗಿತ್ತು.

"ಹೋಯ್ತಾ?"

"ಹೋಯ್ತು."

"ಬಿತ್ತಾ?"

"ಬೀಳುದೆಂತಕ್ಕೆ? ಹಾರಿ ಹೋಯ್ತು."

ದುರ್ಬೀನು ತೆಗೆದು ದಕ್ಷಿಣಕ್ಕೆ ನೋಡಿದೆ, ಉತ್ತರಕ್ಕೆ ನೋಡಿದೆ. ದೂರದಲ್ಲಿ ದೋಣಿಗಳಿದ್ದವು. ಅಲ್ಲಿಯೇ ಮರಳಿನಲ್ಲಿ ಕುಳಿತು ಡೈರಿ ಬಿಚ್ಚಿದೆ. "ಬೆಳಿಗ್ಗೆ ೧೧ಕ್ಕೆ ಮರಿ ಹಾರಿತು" ಎಂದು ಬರೆದು ನಿಲ್ಲಿಸಿದರೆ ಯಾರೂ ಕೇಳುತ್ತಿರಲಿಲ್ಲ. ಹೊತ್ತೂ ಸರಿಯಾಗಿತ್ತು, ಹಕ್ಕಿ ಹಾರಿದ್ದೂ ನಿಜವೇ. ಪೆನ್ನು ಹಿಡಿದು ಸ್ವಲ್ಪ ಹೊತ್ತು ಕುಳಿತು, ಕೆಳಗೆ ಸೇರಿಸಿದೆ: "ನಾನು ನೋಡಲಿಲ್ಲ. ಪಾಯಿಖಾನೆಯಲ್ಲಿದ್ದೆ. ನೋಡಿದವರು ಗಿರಿಜಕ್ಕ."

ಅನುಪಮಾ ಸಂಜೆ ಬಂದು ಆ ಪುಟ ಓದಿದರು. ಮೊದಲ ಬಾರಿಗೆ ಅವರು ನನ್ನೆದುರು ಜೋರಾಗಿ ನಕ್ಕದ್ದು ಆಗ. ನಗು ಮುಗಿದ ಮೇಲೆ ಆ ಪುಟದ ಫೋಟೋ ತೆಗೆದುಕೊಂಡರು. ಆಮೇಲೆ ಗಿರಿಜಕ್ಕನ ಎದುರು ಕುಳಿತು, ಯಾವ ಕೊಂಬೆಯಿಂದ, ಯಾವ ದಿಕ್ಕಿಗೆ, ರೆಕ್ಕೆ ಎಷ್ಟು ಸಲ ಬಡಿಯಿತು ಎಂದು ಒಂದೊಂದಾಗಿ ಕೇಳಿ ಬರೆದುಕೊಂಡರು.

ನಿವೃತ್ತಿಯ ದಿನ ಕಚೇರಿಯಲ್ಲಿ ಶಾಲು ಹೊದೆಸಿದರು. ರೇಂಜರ್ ಮಾತನಾಡುತ್ತ, ಕಡಲ ಹದ್ದಿನ ಮರಿಯ ಮೊದಲ ಹಾರಾಟವನ್ನು ಕಣ್ಣಾರೆ ಕಂಡ ಅಪರೂಪದ ಸಿಬ್ಬಂದಿ ನಮ್ಮ ಶೀನಣ್ಣ ಎಂದರು. ಅವರು ಪ್ರೀತಿಯಿಂದಲೇ ಹೇಳಿದ್ದು. ನಾನು ಶಾಲು ಸರಿಪಡಿಸಿಕೊಂಡು ಎದ್ದು ನಿಂತೆ. "ನಾನು ಕಾಣಲಿಲ್ಲ ಸಾರ್. ಆ ಹೊತ್ತಿಗೆ ಪಾಯಿಖಾನೆಯಲ್ಲಿದ್ದೆ" ಎಂದೆ. ಸಭೆ ಚದುರುವವರೆಗೂ ನಗು ನಿಲ್ಲಲಿಲ್ಲ.

ಈಗಲೂ ತಿಂಗಳಿಗೊಮ್ಮೆ ಕಾಪುವಿಗೆ ಹೋಗುತ್ತೇನೆ. ಗಿರಿಜಕ್ಕ ಮೀನು ಕೊಯ್ಯುತ್ತಿರುತ್ತಾರೆ, ನಾನು ಪಕ್ಕದಲ್ಲಿ ಕುಳಿತು, ಅವತ್ತು ಅದು ಹೇಗೆ ಹೋಯಿತು, ಇನ್ನೊಂದು ಸಲ ಹೇಳಿ ಎನ್ನುತ್ತೇನೆ. ಅವರು ತಲೆ ಎತ್ತುವುದಿಲ್ಲ.

"ಎಂತ ಉಂಟು ಅದರಲ್ಲಿ ಹೇಳ್ಲಿಕ್ಕೆ?" ಎನ್ನುತ್ತಾರೆ. "ಕೊಂಬೆಯಲ್ಲಿ ಇತ್ತು. ಮತ್ತೆ ಕೊಂಬೆ ಮಾತ್ರ ಅಲ್ಲಾಡ್ತಾ ಇತ್ತು."